ಕ್ವೆಂಚ್ ಡೈಲಟೋಮೀಟರ್ ವಿಮರ್ಶೆ: ಯಂತ್ರ ಕೊಡುವುದು ಉದ್ದ, ಪ್ರಾವಸ್ಥೆ ನಮ್ಮ ಲೆಕ್ಕ

ಹತ್ತು ಮಿಲಿಮೀಟರ್ ಉದ್ದದ ಉಕ್ಕಿನ ತುಂಡೊಂದನ್ನು ಕಾಯಿಸಿ, ತಣಿಸಿ, ಅದು ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂದು ಬರೆದಿಡುವುದಷ್ಟೇ ಕ್ವೆಂಚ್ ಡೈಲಟೋಮೀಟರಿನ ಕೆಲಸ. ಉಕ್ಕು ಹೆಚ್ಚಿನ ಕಾವಿನಲ್ಲಿ ತಾಳುವ ಪ್ರಾವಸ್ಥೆಗೆ, ಅಂದರೆ ಹರಳಿನ ರೂಪಕ್ಕೆ, ಆಸ್ಟೆನೈಟ್ ಎಂಬ ಹೆಸರಿದೆ ಎಂದು ಅದಕ್ಕೆ ಗೊತ್ತಿಲ್ಲ. ಕ್ವೆಂಚ್ ಮಾಡಿದಾಗ, ಅಂದರೆ ಥಟ್ಟನೆ ತಣಿಸಿದಾಗ, ಹುಟ್ಟುವ ಗಡಸು ರೂಪ ಮಾರ್ಟೆನ್ಸೈಟ್ ಎಂದರೂ ಗೊತ್ತಿಲ್ಲ. ಆದರೂ ಉಕ್ಕಿನ ರೂಪಾಂತರಗಳನ್ನು ಅಳೆಯಲು ಒಂದೇ ಒಂದು ಯಂತ್ರ ಕೊಳ್ಳುವ ಅವಕಾಶವಿದ್ದರೆ ಇದನ್ನೇ ಕೊಳ್ಳಿ ಎಂದು ಹೇಳುತ್ತೇವೆ. ಒಂದು ಷರತ್ತಿದೆ. ಥರ್ಮೋಕಪಲ್ ಎಂಬ ತಾಪ ಅಳೆಯುವ ತಂತಿಜೋಡಿಯನ್ನು ವೆಲ್ಡ್ ಮಾಡುವ ಕೈ ಮತ್ತು ಗ್ರಾಫಿನ ಮೇಲೆ ಸರಳರೇಖೆ ಎಳೆಯುವ ತಲೆ, ಇವೆರಡನ್ನೂ ಯಂತ್ರದಷ್ಟೇ ಜೋಪಾನವಾಗಿ ಆರಿಸಬೇಕು. ತಪ್ಪು ಫಲಿತಾಂಶಗಳಲ್ಲಿ ಬಹುಪಾಲು ಹುಟ್ಟುವುದು ಈ ಎರಡು ಜಾಗಗಳಲ್ಲೇ.

ಇಲ್ಲಿ ಪರಿಶೀಲಿಸುತ್ತಿರುವುದು ಯಾವುದೋ ಒಂದು ಕಂಪನಿಯ ಮಾದರಿಯನ್ನಲ್ಲ. ಇಂಡಕ್ಷನ್ ಕಾಯಿಲ್‌ನಿಂದ ಕಾಯಿಸಿ, ಅನಿಲದ ಜೆಟ್‌ನಿಂದ ತಣಿಸಿ, ಎರಡು ಪುಶ್‌ರಾಡ್‌ಗಳ ನಡುವೆ ಹಿಡಿದ ತುಂಡಿನ ಉದ್ದವನ್ನು ಎಲ್‌ವಿಡಿಟಿ ಎಂಬ ಸ್ಥಾನಪಲ್ಲಟ ಸೆನ್ಸಾರ್‌ನಿಂದ ಓದುವ ಇಡೀ ವರ್ಗದ ಯಂತ್ರಗಳಿಗೆ ಈ ಮಾತುಗಳು ಅನ್ವಯಿಸುತ್ತವೆ. ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಸಂಕೇತ ಎಷ್ಟು ದೊಡ್ಡದು

ಯಂತ್ರದ ಗುಣ ಅಳೆಯುವ ಮೊದಲು ಅದು ಹಿಡಿಯಬೇಕಾದ ಮೀನಿನ ಗಾತ್ರ ತಿಳಿದಿರಬೇಕು. ಹತ್ತು ಮಿ.ಮೀ. ಉಕ್ಕಿನ ತುಂಡು 20ರಿಂದ 700 ಡಿಗ್ರಿಗೆ ಏರುವಾಗ ಸುಮಾರು 100 ಮೈಕ್ರಾನ್ ಹಿಗ್ಗುತ್ತದೆ. ಮುಂದೆ ಫೆರೈಟ್, ಅಂದರೆ ಕಡಿಮೆ ಕಾವಿನ ರೂಪ, ಆಸ್ಟೆನೈಟ್ ಆಗುವಾಗ ಪರಮಾಣುಗಳು ಇನ್ನಷ್ಟು ಒತ್ತಾಗಿ ಕೂರುವುದರಿಂದ, ಕಾವು ಏರುತ್ತಿದ್ದರೂ ತುಂಡು 20–30 ಮೈಕ್ರಾನ್ ಕುಗ್ಗುತ್ತದೆ. ತಣಿಸುವಾಗ ಮಾರ್ಟೆನ್ಸೈಟ್ ಹುಟ್ಟಿದರೆ ಹಿಗ್ಗು ಇದಕ್ಕಿಂತ ಬಹಳ ದೊಡ್ಡದು. ಶೇ 0.4 ಇಂಗಾಲದ ಉಕ್ಕಿನಲ್ಲಿ ಇಡೀ ತುಂಡು ಮಾರ್ಟೆನ್ಸೈಟ್ ಆದರೆ ಉದ್ದದಲ್ಲಿ ಶೇ 1ರ ಆಸುಪಾಸು, ಅಂದರೆ ಸುಮಾರು 100 ಮೈಕ್ರಾನ್. ಒಳ್ಳೆಯ ಎಲ್‌ವಿಡಿಟಿ ಒಂದು ಮೈಕ್ರಾನಿನ ಸಣ್ಣ ಭಾಗವನ್ನೂ ಗುರುತಿಸುತ್ತದೆ. ಹಾಗಾಗಿ ಸೆನ್ಸಾರ್ ಈ ಯಂತ್ರದ ದುರ್ಬಲ ಕೊಂಡಿಯಲ್ಲ. ಮಾರಾಟದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಮೆರೆಯುವ ನ್ಯಾನೋಮೀಟರ್ ಸಂಖ್ಯೆ ನೋಡಿ ಮಾರುಹೋಗಬೇಕಿಲ್ಲ.

ತುಂಡಿನ ಆಕಾರ

ಗಟ್ಟಿ ಸಿಲಿಂಡರ್ ಎಂದರೆ ಸಾಮಾನ್ಯವಾಗಿ 4 ಮಿ.ಮೀ. ವ್ಯಾಸ, 10 ಮಿ.ಮೀ. ಉದ್ದ. ವೇಗವಾಗಿ ತಣಿಸಬೇಕಾದಾಗ ಅದೇ ಹೊರವ್ಯಾಸದ ಕೊಳವೆ, ಗೋಡೆಯ ದಪ್ಪ ಅರ್ಧ ಮಿ.ಮೀ. ಯಾವಾಗ ಯಾವುದು ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಗಟ್ಟಿ ಸಿಲಿಂಡರ್ ಸ್ಥಿರ ವೇಗದಲ್ಲಿ ತಣಿಯುತ್ತಿದ್ದರೆ ನಡುಗೂ ಮೇಲ್ಮೈಗೂ ಇರುವ ತಾಪಮಾನದ ವ್ಯತ್ಯಾಸವು ತಣಿಯುವ ವೇಗವನ್ನು ತ್ರಿಜ್ಯದ ವರ್ಗದಿಂದ ಗುಣಿಸಿ, ಉಷ್ಣ ವಿಸರಣಾಂಕದ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು. ಆಸ್ಟೆನೈಟ್‌ಗೆ ವಿಸರಣಾಂಕ ಸೆಕೆಂಡಿಗೆ ಸುಮಾರು 6 ಚದರ ಮಿ.ಮೀ. ಎಂದು ಹಿಡಿದರೆ, ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ 4 ಮಿ.ಮೀ. ತುಂಡಿನ ಒಳಗೂ ಹೊರಗೂ ಸುಮಾರು 17 ಡಿಗ್ರಿ ಅಂತರ. ಥರ್ಮೋಕಪಲ್ ಮೇಲ್ಮೈಯ ತಾಪ ಹೇಳುತ್ತಿರುತ್ತದೆ, ಉದ್ದ ಇಡೀ ತುಂಡಿನದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎರಡು ಅಳತೆಗಳೂ ಬೇರೆಬೇರೆ ದಿಕ್ಕು ಹಿಡಿಯುತ್ತವೆ. ಅರ್ಧ ಮಿ.ಮೀ. ಗೋಡೆಯ ಕೊಳವೆಯಲ್ಲಿ, ಹೊರಗಿನಿಂದ ಮಾತ್ರ ತಣಿಸಿದರೂ, ಅದೇ ವೇಗಕ್ಕೆ ಈ ಅಂತರ ಸುಮಾರು 2 ಡಿಗ್ರಿ. ಸೆಕೆಂಡಿಗೆ 5 ಡಿಗ್ರಿಯಷ್ಟು ನಿಧಾನವಿದ್ದರೆ ಗಟ್ಟಿ ತುಂಡಿನಲ್ಲೂ ಒಂದು ಡಿಗ್ರಿಯೊಳಗೇ ಇರುತ್ತದೆ, ಕೊಳವೆ ಕೊರೆಯುವ ಶ್ರಮ ದಂಡ.

ಯಂತ್ರದ ಗರಿಷ್ಠ ತಣಿಸುವ ವೇಗ ಎಂದು ಮಾರುವವರು ಹೇಳುವ ಅಂಕಿ ಸಾಮಾನ್ಯವಾಗಿ ತೆಳು ಕೊಳವೆಯದು, ಅದೂ ಮೇಲಿನ ತಾಪಮಾನದ್ದು. ಅನಿಲ ತಣಿಸುವ ಶಕ್ತಿ ತುಂಡಿನ ಕಾವು ಇಳಿದಂತೆ ಇಳಿಯುತ್ತದೆ. 800ರಿಂದ 500ರವರೆಗೆ ಸಲೀಸಾಗಿ ಓಡಿದ ತುಂಡು 300ರ ಕೆಳಗೆ ತೆವಳುತ್ತದೆ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ನನ್ನ ಆಕಾರದ ತುಂಡಿನಲ್ಲಿ, 400ರಿಂದ 200 ಡಿಗ್ರಿವರೆಗೆ, ಎಷ್ಟು ವೇಗವನ್ನು ನಿಯಂತ್ರಣ ತಪ್ಪದೆ ಕಾಯ್ದುಕೊಳ್ಳುತ್ತೀರಿ?

ಎರಡೂ ತುದಿಗಳು ಸಮಾಂತರವಾಗಿ, ಅಕ್ಷಕ್ಕೆ ಲಂಬವಾಗಿ ಇರಬೇಕು. ತುದಿಯಲ್ಲಿ ಬರ್, ಅಂದರೆ ಕತ್ತರಿಸಿದಾಗ ಎದ್ದ ಚೂಪು ಅಂಚು, ಉಳಿದಿದ್ದರೆ ಕಾದಾಗ ಅದು ಚಪ್ಪಟೆಯಾಗಿ, ಇಲ್ಲದ ಕುಗ್ಗು ಗ್ರಾಫಿನಲ್ಲಿ ಮೂಡುತ್ತದೆ. ಲೇತ್‌ನಲ್ಲಿ ಜೋರಾಗಿ ಕತ್ತರಿಸಿ ಮೇಲ್ಮೈ ಗಟ್ಟಿಯಾಗಿದ್ದರೆ ಮೊದಲ ಕಾಯಿಸುವಿಕೆಯ ರೇಖೆ ಅಂಕುಡೊಂಕಾಗುತ್ತದೆ. ಹಾಗಾಗಿ ಅಳತೆಯ ಓಟಕ್ಕೆ ಮುಂಚೆ ರೂಪಾಂತರದ ಕೆಳಗಿನ ತಾಪಮಾನಕ್ಕೆ ಒಮ್ಮೆ ಕಾಯಿಸಿ, ಸ್ವಲ್ಪ ಹೊತ್ತು ಹಿಡಿದು, ತಣಿಸಿಬಿಡಬೇಕು. ಇದನ್ನು ಬಿಟ್ಟವರಿಗೆ ಕಾಯಿಸುವ ರೇಖೆ ಮತ್ತೆ ಮತ್ತೆ ಬೇರೆ ಬೇರೆ ಬರುತ್ತದೆ, ಬೈಗುಳ ಯಂತ್ರಕ್ಕೆ ಬೀಳುತ್ತದೆ.

ಥರ್ಮೋಕಪಲ್ ವೆಲ್ಡ್

ಇಡೀ ಪ್ರಯೋಗದ ಜೀವಾಳ ಇದು. ತುಂಡಿನ ಉದ್ದದ ಸರಿ ನಡುವೆ, ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ ಅಸಿಟೋನ್‌ನಲ್ಲಿ ಒರೆಸಿದ ಜಾಗದಲ್ಲಿ, 0.1ರಿಂದ 0.2 ಮಿ.ಮೀ. ವ್ಯಾಸದ ಎರಡು ತಂತಿಗಳನ್ನು ಬೇರೆ ಬೇರೆಯಾಗಿ ಸ್ಪಾಟ್ ವೆಲ್ಡ್ ಮಾಡಬೇಕು. ಇವೆರಡರ ನಡುವೆ ಒಂದು ಮಿ.ಮೀ. ಅಂತರ ಸಾಕು. ಎರಡನ್ನೂ ಮೊದಲು ಸೇರಿಸಿ ಮಣಿ ಮಾಡಿ, ಆ ಮಣಿಯನ್ನು ತುಂಡಿಗೆ ಅಂಟಿಸುವುದು ತಪ್ಪು. ಮಣಿ ಮೇಲ್ಮೈಯಿಂದ ಎದ್ದು ನಿಂತಿರುವುದರಿಂದ ಅನಿಲದ ಜೆಟ್ ಅದನ್ನೇ ಮೊದಲು ತಣಿಸುತ್ತದೆ. ಆಗ ದಾಖಲಾಗುವುದು ಮಣಿಯ ತಾಪ, ಉಕ್ಕಿನದಲ್ಲ. ತಂತಿಗಳನ್ನು ಬೇರೆಯಾಗಿ ವೆಲ್ಡ್ ಮಾಡಿದರೆ ಸರ್ಕ್ಯೂಟ್ ತುಂಡಿನ ಮೂಲಕವೇ ಪೂರ್ಣಗೊಳ್ಳುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಎರಡೂ ಬಿಂದುಗಳು ಒಂದೇ ಸುತ್ತಳತೆಯ ಮೇಲೆ ಅಕ್ಕಪಕ್ಕ ಇರಬೇಕು, ಉದ್ದಕ್ಕೆ ಒಂದರ ಹಿಂದೆ ಒಂದು ಇರಬಾರದು. ತುಂಡಿನ ತುದಿಗಳು ಪುಶ್‌ರಾಡ್‌ಗೆ ಕಾವು ಕೊಟ್ಟು ನಡುಭಾಗಕ್ಕಿಂತ ತಣ್ಣಗಿರುತ್ತವೆ. ಆದ್ದರಿಂದ ಉದ್ದದ ದಿಕ್ಕಿನಲ್ಲಿ ತಾಪಮಾನದ ಇಳಿಜಾರು ಇದ್ದೇ ಇರುತ್ತದೆ, ಉದ್ದಕ್ಕೆ ಇಟ್ಟ ಬಿಂದುಗಳು ಆ ಇಳಿಜಾರನ್ನು ಓದಿನೊಳಗೆ ಬೆರೆಸುತ್ತವೆ.

ವೆಲ್ಡ್ ಶಕ್ತಿ ಕಡಿಮೆಯಾದರೆ ತಂತಿ ಕ್ವೆಂಚ್‌ನ ಮೊದಲ ಗಾಳಿಗೇ ಕಿತ್ತು ಬರುತ್ತದೆ. ಹೆಚ್ಚಾದರೆ ತಂತಿ ಕರಗಿ ಕತ್ತು ಸಣ್ಣದಾಗುತ್ತದೆ. ಅದು ಇನ್ನೂ ಅಪಾಯ, ಏಕೆಂದರೆ ತಕ್ಷಣ ಬಿಡದೆ ಆಸ್ಟೆನೈಟ್ ತಾಪದಲ್ಲಿ ಹತ್ತು ನಿಮಿಷ ನಿಂತ ಮೇಲೆ ಬಿಡುತ್ತದೆ. ಓಟದ ನಡುವೆ ತಂತಿ ಬಿಟ್ಟರೆ ನಿಯಂತ್ರಕಕ್ಕೆ ತುಂಡು ತಣ್ಣಗಿದೆ ಎಂದು ಕಂಡು ಪೂರ್ತಿ ಶಕ್ತಿ ಸುರಿಯಬಹುದು, ಕ್ಷಣದಲ್ಲಿ ತುಂಡು ಕರಗಿ ಕಾಯಿಲ್‌ಗೆ ಅಂಟುತ್ತದೆ. ಥರ್ಮೋಕಪಲ್ ತುಂಡಾದರೆ ಶಕ್ತಿ ತಾನಾಗಿ ಕಡಿತವಾಗುವ ವ್ಯವಸ್ಥೆ ಇಲ್ಲದ ಯಂತ್ರವನ್ನು ನಾವು ಶಿಫಾರಸು ಮಾಡುವುದಿಲ್ಲ. ವೆಲ್ಡ್ ಆದ ಮೇಲೆ ಚಿಮಟಿಯಿಂದ ಮೆಲ್ಲನೆ ಎಳೆದು ನೋಡಿ. ಬಿಡುವುದಾದರೆ ಈಗಲೇ ಬಿಡಲಿ.

ಯಾವ ತಂತಿ? ಎಸ್ ಮಾದರಿ, ಅಂದರೆ ಪ್ಲಾಟಿನಂ ಮತ್ತು ಶೇ 10 ರೋಡಿಯಂ ಬೆರೆಸಿದ ಪ್ಲಾಟಿನಂ ಜೋಡಿಗೇ ನಮ್ಮ ಮತ. ಮೊದಲ ದರ್ಜೆಯ ಎಸ್ ತಂತಿಯಲ್ಲಿ 1100 ಡಿಗ್ರಿವರೆಗೆ ಅನುಮತಿಸಿದ ತಪ್ಪು 1 ಡಿಗ್ರಿ. ಅದೇ ದರ್ಜೆಯ ಕೆ, ಅಂದರೆ ನಿಕ್ಕಲ್ ಮಿಶ್ರಲೋಹಗಳ, ತಂತಿಯಲ್ಲಿ 900ರಲ್ಲಿ 3.6 ಡಿಗ್ರಿ. ಕೆ ಮಾದರಿಗೆ 250ರಿಂದ 550ರ ನಡುವೆ ಏರುವಾಗೊಂದು, ಇಳಿಯುವಾಗೊಂದು ಓದು ಕೊಡುವ ಚಾಳಿಯೂ ಇದೆ. ಬೈನೈಟ್ ಎಂಬ ನಡುವಿನ ತಾಪದ ರಚನೆ ಮತ್ತು ಮಾರ್ಟೆನ್ಸೈಟ್ ಆರಂಭವಾಗುವುದು ಸರಿಯಾಗಿ ಅದೇ ವಲಯದಲ್ಲಿ. ಕೆ ಪರವಾಗಿ ಹೇಳಬಹುದಾದದ್ದು ಅದರ ದೊಡ್ಡ ಸಂಕೇತ: ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಎಸ್‌ನದು ಹತ್ತರ ಆಸುಪಾಸು, ಕೋಣೆಯ ತಾಪದ ಬಳಿ ಇನ್ನೂ ಕಡಿಮೆ. ಹಾಗಾಗಿ ಇಂಡಕ್ಷನ್ ಕಾಯಿಲ್ ಪಕ್ಕದಲ್ಲಿ ಎಸ್ ತಂತಿಗಳನ್ನು ಒಂದಕ್ಕೊಂದು ಹೊಸೆದು, ಎರಡು ತೂತಿನ ಅಲ್ಯುಮಿನಾ ಕೊಳವೆಯಲ್ಲಿ ತರದಿದ್ದರೆ ಗದ್ದಲ ತುಂಬಿಕೊಳ್ಳುತ್ತದೆ. ತಂತಿಯನ್ನು ಉಪಕರಣಕ್ಕೆ ಜೋಡಿಸುವ ಪರಿಹಾರ ಕೇಬಲ್ಲಿನ ಧನ, ಋಣ ತುದಿಗಳು ಅದಲುಬದಲಾದರೆ ಓದು ಒಂದಷ್ಟು ಡಿಗ್ರಿ ತಪ್ಪುತ್ತದೆ, ಆದರೆ ಎಲ್ಲವೂ ನಡೆಯುತ್ತಿರುವಂತೆ ಕಾಣುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ಈ ಹುಣ್ಣಿಗೆ ಮಾತ್ರ ಬೇಕೇ ಬೇಕು. ಆ ಕನ್ನಡಿ ಯಾವುದೆಂದು ಮುಂದೆ ಹೇಳುತ್ತೇವೆ.

ಕಾಯಿಲ್, ನಿರ್ವಾತ, ಅನಿಲ

ಇಂಡಕ್ಷನ್ ಕಾಯಿಸುವಿಕೆಯ ವೇಗಕ್ಕೆ ಪೂರ್ತಿ ಅಂಕ. ಒಂದು ಕಡೆ ಮಾತ್ರ ಅದು ತಡವರಿಸುತ್ತದೆ. ಕಬ್ಬಿಣ 770 ಡಿಗ್ರಿಯ ಸುತ್ತ ತನ್ನ ಕಾಂತಗುಣ ಕಳೆದುಕೊಳ್ಳುವಾಗ ಕಾಯಿಲ್‌ನಿಂದ ಶಕ್ತಿ ಹೀರುವ ಬಗೆಯೇ ಬದಲಾಗುತ್ತದೆ. ನಿಯಂತ್ರಕ ಚುರುಕಾಗಿಲ್ಲದಿದ್ದರೆ ತಾಪಮಾನ ಅಲ್ಲಿ ಮೇಲೆ ಕೆಳಗೆ ಓಲಾಡುತ್ತದೆ. ಬಹಳಷ್ಟು ಉಕ್ಕುಗಳ ಎಸಿ1 ಮತ್ತು ಎಸಿ3, ಅಂದರೆ ಕಾಯಿಸುವಾಗ ಆಸ್ಟೆನೈಟ್ ಹುಟ್ಟಲು ಶುರುವಾಗುವ ಮತ್ತು ಪೂರ್ತಿಯಾಗುವ ಬಿಂದುಗಳೂ ಅದರ ಆಚೀಚೆ ಇರುವುದರಿಂದ ಈ ಓಲಾಟವನ್ನು ರೂಪಾಂತರವೆಂದು ಓದಿದವರಿಗೆ ಕೊರತೆಯಿಲ್ಲ. ಆ ಬಿಂದುಗಳು ನಿಜವಾಗಿ ಬೇಕಿದ್ದರೆ 700ರ ನಂತರ ಗಂಟೆಗೆ ಕೆಲವೇ ಹತ್ತು ಡಿಗ್ರಿಗಳ ವೇಗದಲ್ಲಿ ಕಾಯಿಸಿ. ಓಲಾಟ ಕರಗುತ್ತದೆ, ರೇಖೆ ತಿರುಗುವ ಮೊಣಕಾಲು ಸ್ಪಷ್ಟವಾಗುತ್ತದೆ.

ನಿರ್ವಾತದ ಗುಣಮಟ್ಟಕ್ಕೆ ಕೊಡುವ ಗಮನ ಸಾಮಾನ್ಯವಾಗಿ ಸಾಲದು. ಉಳಿದ ಆಮ್ಲಜನಕ, ನೀರಾವಿಗಳು ಮೇಲ್ಮೈಯ ಇಂಗಾಲವನ್ನು ಕದಿಯುತ್ತವೆ. ಇಂಗಾಲ ಕಳೆದ ಪದರ 50 ಮೈಕ್ರಾನ್ ದಪ್ಪವಿದ್ದರೆ 4 ಮಿ.ಮೀ. ಗಟ್ಟಿ ತುಂಡಿನಲ್ಲಿ ಅದು ಗಾತ್ರದ ಶೇ 5. ಅರ್ಧ ಮಿ.ಮೀ. ಗೋಡೆಯ ಕೊಳವೆಯಲ್ಲಿ ಒಳಗೂ ಹೊರಗೂ ಸೇರಿ ಶೇ 20. ಇಂಗಾಲ ಕಡಿಮೆಯಾದ ಆಸ್ಟೆನೈಟ್ ಹೆಚ್ಚಿನ ತಾಪದಲ್ಲೇ ರೂಪಾಂತರವಾಗುವುದರಿಂದ ನಿಜವಾದ ಎಂಎಸ್, ಅಂದರೆ ಮಾರ್ಟೆನ್ಸೈಟ್ ಆರಂಭದ ಬಿಂದುವಿಗೆ ಮುಂಚೆಯೇ ರೇಖೆ ಬಾಗುತ್ತದೆ. ಎಂಎಸ್‌ನ ಮೇಲೆ ಸಣ್ಣ ಬಾಗು ಕಂಡರೆ ಬೈನೈಟ್ ಎಂದು ಬರೆಯುವ ಮುನ್ನ ತುಂಡನ್ನು ಅಡ್ಡ ಕತ್ತರಿಸಿ, ಅಂಚಿನಿಂದ ನಡುವಿಗೆ ಮೈಕ್ರೋ ಗಡಸುತನ ನೋಡಿ. ಓಟ ಮುಗಿದ ಮೇಲೆ ತುಂಡು ಬೆಳ್ಳಿಯಂತೆ ಹೊಳೆಯಬೇಕು. ಒಣಹುಲ್ಲಿನ ಬಣ್ಣವೋ ನೀಲಿಯೋ ಬಂದಿದ್ದರೆ ಸೋರಿಕೆ ಇದೆ. ಮೊದಲು ಹುಡುಕಬೇಕಾದದ್ದು ಓ-ರಿಂಗ್ ಮತ್ತು ಕಾಯಿಲ್‌ನ ನೀರಿನ ಜೋಡಣೆ. ತಂಪು ನೀರು ತೀರಾ ತಣ್ಣಗಿದ್ದರೆ, ಕೋಣೆ ತೆರೆದಾಗ ಕಾಯಿಲ್ ಮೇಲೆ ಹನಿಗಟ್ಟಿ, ಆ ತೇವವೇ ಮುಂದಿನ ಓಟವನ್ನು ಕೆಡಿಸುತ್ತದೆ. ಹಾಗೆಂದು ಹೆಚ್ಚಿನ ತಾಪದಲ್ಲಿ ಆಳ ನಿರ್ವಾತದಲ್ಲೇ ದೀರ್ಘಕಾಲ ಇಟ್ಟರೆ ಮ್ಯಾಂಗನೀಸ್ ಆವಿಯಾಗಿ ಹೋಗುತ್ತದೆ. ನಿರ್ವಾತ ಮಾಡಿ, ಶುದ್ಧ ಆರ್ಗಾನ್ ತುಂಬಿ, ಮತ್ತೆ ನಿರ್ವಾತ ಮಾಡಿ, ಕೊನೆಗೆ ಸ್ವಲ್ಪ ಆರ್ಗಾನ್ ಒತ್ತಡದಲ್ಲಿ ಕಾಯಿಸುವುದು ಒಳ್ಳೆಯ ನಡುದಾರಿ.

ತಣಿಸಲು ಹೀಲಿಯಂ. ಅದರ ಉಷ್ಣವಾಹಕತೆ ಸಾರಜನಕದ ಸುಮಾರು ಆರು ಪಟ್ಟು. ನಿಧಾನದ ಓಟಗಳಿಗೆ ಅದನ್ನು ಸುರಿಯುವುದು ಪೋಲು. ಸೆಕೆಂಡಿಗೆ ಕೆಲವು ಡಿಗ್ರಿಗಳವರೆಗೆ ಸಾರಜನಕ ಅಥವಾ ಆರ್ಗಾನ್ ಸಾಕು. ಸಿಲಿಂಡರ್ ಒತ್ತಡ ಇಳಿದಂತೆ ಬೆಳಗಿನ ಓಟಕ್ಕೂ ಸಂಜೆಯ ಓಟಕ್ಕೂ ವೇಗ ಬದಲಾಗುತ್ತದೆ, ಆದ್ದರಿಂದ ನಿಗದಿಪಡಿಸಿದ ವೇಗವನ್ನಲ್ಲ, ಆದ ವೇಗವನ್ನು ವರದಿ ಮಾಡಿ.

ಪುಶ್‌ರಾಡ್

ಫ್ಯೂಸ್ಡ್ ಸಿಲಿಕಾ ರಾಡ್ ಬಹುತೇಕ ಹಿಗ್ಗುವುದೇ ಇಲ್ಲ, ಡಿಗ್ರಿಗೆ ಹತ್ತು ಲಕ್ಷದಲ್ಲಿ ಅರ್ಧ ಭಾಗ ಮಾತ್ರ. ಕ್ವೆಂಚ್‌ನ ಆಘಾತಕ್ಕೂ ಬಿರಿಯುವುದಿಲ್ಲ. 1100 ಡಿಗ್ರಿ ದಾಟಿದರೆ ಮಾತ್ರ ಗಾಜಿನ ಗುಣ ಕಳೆದು ಹರಳುಗಟ್ಟುತ್ತದೆ. ಬರಿಗೈಯಲ್ಲಿ ಮುಟ್ಟಿದ ಬೆವರಿನ ಸೋಡಿಯಂ ಈ ಹರಳುಗಟ್ಟುವಿಕೆಯನ್ನು ಬೇಗ ತರುತ್ತದೆ, ಆದ್ದರಿಂದ ಕೈಗವಸು ಕಡ್ಡಾಯ. ರಾಡ್ ತುದಿ ಹಾಲಿನಂತೆ ಬೆಳ್ಳಗಾದರೆ ಬದಲಾಯಿಸಿ. ಅಲ್ಯುಮಿನಾ ರಾಡ್ ಇನ್ನೂ ಮೇಲಿನ ತಾಪ ತಾಳುತ್ತದೆ, ಆದರೆ ಹಿಗ್ಗುವುದು ಸಿಲಿಕಾದ ಹದಿನೈದು ಪಟ್ಟಿಗೂ ಹೆಚ್ಚು, ಜೋರು ಕ್ವೆಂಚ್‌ಗೆ ಸೀಳುತ್ತದೆ. ರಾಡ್‌ನ ಹಿಗ್ಗನ್ನು ಕಳೆಯಲು ಮಾಡುವ ತಿದ್ದುಪಡಿಯೂ ವೇಗವನ್ನು ಅವಲಂಬಿಸಿದೆ. ಸೆಕೆಂಡಿಗೆ 5 ಡಿಗ್ರಿಯಲ್ಲಿ ಪಡೆದ ತಿದ್ದುಪಡಿಯನ್ನು 100 ಡಿಗ್ರಿಯ ಓಟಕ್ಕೆ ಹಾಕಿದರೆ, ರಾಡ್ ಅಷ್ಟು ಕಾದಿರಲೇ ಇಲ್ಲ ಎಂಬುದನ್ನು ಮರೆತಂತೆ.

ಒತ್ತುವ ಬಲ ಒಂದು ನ್ಯೂಟನ್ ಒಳಗಿದ್ದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ನ್ಯೂಟನ್ ಆದರೆ, ರೂಪಾಂತರ ನಡೆಯುವಾಗ ಸಣ್ಣ ಒತ್ತಡಕ್ಕೂ ಉಕ್ಕು ಬಗ್ಗುವ ಗುಣದಿಂದ ಮಾರ್ಟೆನ್ಸೈಟ್ ಹಿಗ್ಗಿನಲ್ಲಿ ಅರ್ಧ ಮೈಕ್ರಾನಿನಷ್ಟು ಕಳೆದುಹೋಗಬಹುದು. ಎಂಎಸ್ ಹುಡುಕಾಟದಲ್ಲಿ ಅರ್ಧ ಮೈಕ್ರಾನ್ ಎಷ್ಟು ದೊಡ್ಡದು ಎಂಬುದು ಇನ್ನು ಎರಡು ಪ್ಯಾರಾಗಳ ನಂತರ ಗೊತ್ತಾಗುತ್ತದೆ.

ಸಾಫ್ಟ್‌ವೇರ್: ಇಲ್ಲಿ ಅಂಕ ಕಳೆಯುತ್ತೇವೆ

ಸೆಕೆಂಡಿಗೆ 100 ಡಿಗ್ರಿ ಇಳಿಯುವಾಗ ಸೆಕೆಂಡಿಗೆ ಹತ್ತು ಬಿಂದು ದಾಖಲಿಸಿದರೆ ಎರಡು ಬಿಂದುಗಳ ನಡುವೆ 10 ಡಿಗ್ರಿ ಅಂತರ. ಸಾವಿರ ಬಿಂದುಗಳಾದರೆ 0.1 ಡಿಗ್ರಿ. ದಾಖಲೆಯ ವೇಗವನ್ನು ಓಟದ ಪ್ರತಿ ಹಂತಕ್ಕೂ ಬೇರೆ ಬೇರೆಯಾಗಿ ಕೊಡಲು ಬರಬೇಕು. ಇದಕ್ಕಿಂತ ಮುಖ್ಯವಾದದ್ದು ಫಿಲ್ಟರ್. ತಾಪದ ಚಾನೆಲ್ಲಿಗೂ ಉದ್ದದ ಚಾನೆಲ್ಲಿಗೂ ಬೇರೆ ಬೇರೆ ಫಿಲ್ಟರ್ ಇದ್ದು, ಒಂದು ಇನ್ನೊಂದಕ್ಕಿಂತ 50 ಮಿಲಿಸೆಕೆಂಡ್ ತಡವಾದರೆ, ಅದೇ ವೇಗದಲ್ಲಿ ಇಡೀ ಗ್ರಾಫ್ 5 ಡಿಗ್ರಿ ಸರಿಯುತ್ತದೆ. ನಿಧಾನದ ಓಟದಲ್ಲಿ ಈ ದೋಷ ಕಾಣುವುದೇ ಇಲ್ಲ. ವೇಗ ಹೆಚ್ಚಿದಂತೆ ಎಂಎಸ್ ಒಂದೇ ದಿಕ್ಕಿಗೆ ಜಾರುತ್ತಾ ಹೋದರೆ ಲೋಹಶಾಸ್ತ್ರದ ಕಾರಣ ಹುಡುಕುವ ಮೊದಲು ಫಿಲ್ಟರನ್ನು ಅನುಮಾನಿಸಿ. ಕಚ್ಚಾ ಅಂಕಿಗಳನ್ನು ಕೊಡದೆ ನಯಗೊಳಿಸಿದ ರೇಖೆಯನ್ನಷ್ಟೇ ಹೊರಹಾಕುವ ಸಾಫ್ಟ್‌ವೇರ್ ಇದ್ದರೆ ಆ ಯಂತ್ರವನ್ನು ಪಟ್ಟಿಯಿಂದ ಹೊಡೆದುಹಾಕಿ. ನಯಗೊಳಿಸುವಾಗ ಮೊದಲು ಸವೆಯುವುದು ಮೊಣಕಾಲೇ.

ಗ್ರಾಫ್ ಓದುವುದು

ಮಾರ್ಟೆನ್ಸೈಟ್ ಎಲ್ಲಿ ಶುರುವಾಯಿತು ಎಂದು ಕಣ್ಣಳತೆಯಲ್ಲಿ ಗುರುತು ಹಾಕಲು ಹೇಳಿದರೆ ಒಂದೇ ಗ್ರಾಫಿಗೆ ಇಬ್ಬರು ಎರಡು ಉತ್ತರ ಕೊಡುತ್ತಾರೆ. ಇದಕ್ಕೆ ಯಾಂಗ್ ಮತ್ತು ಭದೇಶಿಯಾ 2007ರಲ್ಲಿ ಸೂಚಿಸಿದ ವಿಧಾನ ಸರಳವಾಗಿದೆ, ನಮಗೆ ಮೆಚ್ಚುಗೆಯಾದದ್ದೂ ಅದೇ. ಆಸ್ಟೆನೈಟ್ ಭಾಗಕ್ಕೆ ಸರಳರೇಖೆ ಹೊಂದಿಸಿ. ಶೇ 1 ಮಾರ್ಟೆನ್ಸೈಟ್ ಹುಟ್ಟಿದರೆ ಎಷ್ಟು ಹಿಗ್ಗಬೇಕು ಎಂದು ಜಾಲಕದ, ಅಂದರೆ ಹರಳಿನಲ್ಲಿ ಪರಮಾಣುಗಳ ಜೋಡಣೆಯ, ಅಳತೆಗಳಿಂದ ಲೆಕ್ಕ ಹಾಕಿ. ಅಷ್ಟು ಮೇಲಕ್ಕೆ ಸಮಾಂತರ ರೇಖೆ ಎಳೆದು, ಅದು ಅಳೆದ ರೇಖೆಯನ್ನು ಕಡಿಯುವ ಬಿಂದುವನ್ನು ಎಂಎಸ್ ಎನ್ನಿ. ಯಾರು ಮಾಡಿದರೂ ಒಂದೇ ಉತ್ತರ ಬರುತ್ತದೆ, ಅಂಕಿಗಳು ಚದುರಿರುವುದು ಎಷ್ಟು ಎಂಬುದೂ ಜೊತೆಗೇ ಸಿಗುತ್ತದೆ.

ಆದರೆ ಆ ಶೇ 1ರ ಗಾತ್ರ ಗಮನಿಸಿ: ಹತ್ತು ಮಿ.ಮೀ. ತುಂಡಿನಲ್ಲಿ ಸುಮಾರು 0.8 ಮೈಕ್ರಾನ್. ಆಸ್ಟೆನೈಟ್‌ನ ಹಿಗ್ಗುವಿಕೆ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಭಾಗ. ನೀವು ಎಳೆದ ರೇಖೆಯ ಇಳಿಜಾರು ಶೇ 1ರಷ್ಟು ತಪ್ಪಿದ್ದು, ಅದನ್ನು 300 ಡಿಗ್ರಿ ದೂರ ಚಾಚಿದರೆ ಆಗುವ ತಪ್ಪು 0.7 ಮೈಕ್ರಾನ್. ಹುಡುಕುತ್ತಿರುವ ಹಿಗ್ಗಿನಷ್ಟೇ ದೊಡ್ಡ ತಪ್ಪು! ಆದ್ದರಿಂದ ರೇಖೆಯನ್ನು 900ರಿಂದ 700ರವರೆಗಿನ ಅನುಕೂಲದ ಭಾಗಕ್ಕೆ ಹೊಂದಿಸಿ ಕೆಳಗೆ ಚಾಚಬೇಡಿ. ಎಂಎಸ್‌ಗೆ 20–30 ಡಿಗ್ರಿ ಮೇಲೆ ನಿಲ್ಲುವಂತೆ, ಅಲ್ಲಿಂದ ನೂರು ನೂರೈವತ್ತು ಡಿಗ್ರಿ ಮೇಲಿನವರೆಗಿನ ಭಾಗಕ್ಕೆ ಹೊಂದಿಸಿ. ತಣಿಸುವ ಅನಿಲದ ಬಡಿತದಿಂದ ಉದ್ದದ ಓದು ಒಂದು ಮೈಕ್ರಾನ್ ನಡುಗುತ್ತಿದ್ದರೆ ಈ ಆಟವೇ ನಡೆಯುವುದಿಲ್ಲ, ಮೊದಲು ಜೆಟ್‌ನ ದಿಕ್ಕು ಸರಿಪಡಿಸಿ.

ಬಂದ ಸಂಖ್ಯೆ ನಂಬುವಂಥದ್ದೇ ಎಂದು ನೋಡಲು ಆಂಡ್ರೂಸ್ 1965ರಲ್ಲಿ ಕೊಟ್ಟ ಸೂತ್ರವಿದೆ. 539ರಿಂದ ಇಂಗಾಲದ ಶೇಕಡಾಕ್ಕೆ 423, ಮ್ಯಾಂಗನೀಸ್‌ಗೆ 30.4, ನಿಕ್ಕಲ್‌ಗೆ 17.7, ಕ್ರೋಮಿಯಂಗೆ 12.1, ಮಾಲಿಬ್ಡಿನಂಗೆ 7.5ರಂತೆ ಕಳೆಯಿರಿ. ಶೇ 0.4 ಇಂಗಾಲ, 0.7 ಮ್ಯಾಂಗನೀಸ್, 1 ಕ್ರೋಮಿಯಂ, 0.2 ಮಾಲಿಬ್ಡಿನಂ ಇರುವ ಉಕ್ಕಿಗೆ 335 ಬರುತ್ತದೆ. ನಿಮ್ಮ ಯಂತ್ರ 320 ಅಥವಾ 350 ಹೇಳಿದರೆ ಗಾಬರಿಯಿಲ್ಲ, ಆಸ್ಟೆನೈಟ್ ಹರಳಿನ ಗಾತ್ರವೂ ಎಂಎಸ್ ಅನ್ನು ಅಲುಗಿಸುತ್ತದೆ. 400 ಹೇಳಿದರೆ ಥರ್ಮೋಕಪಲ್ ಕಡೆ ನೋಡಿ.

ಎಷ್ಟು ಭಾಗ ರೂಪಾಂತರವಾಯಿತು ಎನ್ನಲು ಲಿವರ್ ನಿಯಮ. ಕೆಳಗೆ ಆಸ್ಟೆನೈಟ್ ರೇಖೆ, ಮೇಲೆ ಹೊಸ ಪ್ರಾವಸ್ಥೆಯ ರೇಖೆ, ಇವೆರಡರ ನಡುವೆ ಅಳೆದ ಬಿಂದು ಎಲ್ಲಿದೆ ಎಂಬ ಅನುಪಾತ. ಸುಲಭ, ಆದರೆ ಎರಡು ಸುಳ್ಳುಗಳ ಮೇಲೆ ನಿಂತಿದೆ. ಮೊದಲನೆಯದು, ಕೊನೆಯಲ್ಲಿ ಆಸ್ಟೆನೈಟ್ ಚೂರೂ ಉಳಿದಿಲ್ಲ ಎಂಬುದು. ಕೊಯ್‌ಸ್ಟಿನೆನ್ ಮತ್ತು ಮಾರ್‌ಬರ್ಗರ್ 1959ರಲ್ಲಿ ಕೊಟ್ಟ ಸಂಬಂಧದ ಪ್ರಕಾರ, ಎಂಎಸ್ 335 ಇರುವ ಉಕ್ಕು 25 ಡಿಗ್ರಿಗೆ ಬಂದಾಗ ಸುಮಾರು ಶೇ 3 ಆಸ್ಟೆನೈಟ್ ಉಳಿದಿರುತ್ತದೆ, ಪರವಾಗಿಲ್ಲ. ಎಂಎಸ್ 110 ಆಗಿದ್ದರೆ ಶೇ 40ರ ಹತ್ತಿರ ಉಳಿದಿರುತ್ತದೆ. ಅದನ್ನು ಶೇ 100 ಎಂದು ಹಿಡಿದು ಎಳೆದ ಲಿವರ್ ಪೂರ್ತಿ ಸುಳ್ಳು. ಅಂಥ ಉಕ್ಕಿಗೆ ಎಕ್ಸ್-ಕಿರಣ ವಿವರ್ತನೆಯಿಂದ ಉಳಿದ ಆಸ್ಟೆನೈಟ್ ಅಳೆದು ಲೆಕ್ಕ ತಿದ್ದಬೇಕು. ಎರಡನೆಯ ಸುಳ್ಳು, ಆಸ್ಟೆನೈಟ್‌ನ ರಚನೆ ಬದಲಾಗುವುದಿಲ್ಲ ಎಂಬುದು. ಫೆರೈಟ್ ಹುಟ್ಟುತ್ತಾ ಹೋದಂತೆ ಅದು ಹೊರಹಾಕಿದ ಇಂಗಾಲ ಉಳಿದ ಆಸ್ಟೆನೈಟ್‌ಗೆ ಸೇರಿ ಅದರ ಜಾಲಕ ಉಬ್ಬುತ್ತದೆ. ಆ ಉಬ್ಬೂ ಫೆರೈಟ್‌ನ ಲೆಕ್ಕಕ್ಕೆ ಜಮೆಯಾಗಿಬಿಡುತ್ತದೆ. ಫೆರೈಟ್ ಮತ್ತು ಪರ್ಲೈಟ್ (ಫೆರೈಟ್, ಕಬ್ಬಿಣದ ಕಾರ್ಬೈಡ್‌ಗಳ ಪದರ ಪದರದ ರಚನೆ) ಒಂದರ ಹಿಂದೆ ಒಂದು ಬರುವ ಉಕ್ಕಿನಲ್ಲಿ ಎರಡರ ಪಾಲನ್ನು ಗ್ರಾಫಿನಿಂದ ಹೇಳದೆ ಮೈಕ್ರೋಸ್ಕೋಪಿನಲ್ಲಿ ಎಣಿಸಿ ಹೇಳುವುದೇ ಮರ್ಯಾದೆ.

ಪರ್ಲೈಟ್ ಬಗ್ಗೆ ಇನ್ನೊಂದು ಮಾತು. ಅದು ಹುಟ್ಟುವಾಗ ಬಿಡುವ ಕಾವು ಗಣನೀಯ. ಮಧ್ಯಮ ವೇಗದಲ್ಲಿ ತುಂಡು ತಣಿಯುವುದು ನಿಂತು, ಕೆಲವೊಮ್ಮೆ ಮತ್ತೆ ಕಾಯುತ್ತದೆ, ಗ್ರಾಫ್ ಹಿಂದಕ್ಕೆ ಸುತ್ತಿ ಸುಳಿಯಾಗುತ್ತದೆ. ಇದನ್ನು ಯಂತ್ರದ ದೋಷವೆಂದು ದೂರು ಕೊಟ್ಟು ಪ್ರಯೋಜನವಿಲ್ಲ. ತಣಿಸುವಾಗಲೂ ಸ್ವಲ್ಪ ಇಂಡಕ್ಷನ್ ಶಕ್ತಿ ಚಾಲೂ ಇಟ್ಟು, ಕಾವು ಬಂದಾಗ ಅದನ್ನು ತಗ್ಗಿಸುವ ನಿಯಂತ್ರಣವಿರುವ ಯಂತ್ರಗಳಲ್ಲಿ ಸುಳಿ ಚಿಕ್ಕದಾಗುತ್ತದೆ.

ಒಂದು ಸುತ್ತು ಮುಗಿದು ತುಂಡು ಮೊದಲಿನ ರಚನೆಗೇ ಮರಳಿದರೂ ಉದ್ದ ಮೊದಲಿನಷ್ಟಿಲ್ಲ ಎಂದು ಹಲವರು ಬೆಚ್ಚುತ್ತಾರೆ. ರೋಲಿಂಗ್ ದಿಕ್ಕಿನಲ್ಲಿ ಪಟ್ಟೆಗಟ್ಟಿದ ರಚನೆ ಇದ್ದರೆ ತುಂಡು ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗುವುದಿಲ್ಲ. ಉದ್ದ ಕಳೆದದ್ದನ್ನು ವ್ಯಾಸ ಗಳಿಸಿರುತ್ತದೆ. ಓಟದ ಮುಂಚೆ, ಆಮೇಲೆ ಮೈಕ್ರೋಮೀಟರ್‌ನಿಂದ ಎರಡನ್ನೂ ಅಳೆದಿಟ್ಟುಕೊಳ್ಳಿ. ವ್ಯತ್ಯಾಸ ಹೆಚ್ಚಿದ್ದರೆ ಅಡ್ಡ ದಿಕ್ಕಿನಲ್ಲೂ ಒಂದು ತುಂಡು ಕತ್ತರಿಸಿ ಹೋಲಿಸಿ.

ಯಾರಿಗೆ ಬೇಡ

ಟೈಟಾನಿಯಂ ಕೆಲಸವೇ ಮುಖ್ಯವಾಗಿದ್ದರೆ ಈ ಯಂತ್ರ ನಿಮಗಲ್ಲ. ಶುದ್ಧ ಟೈಟಾನಿಯಂ 882 ಡಿಗ್ರಿಯಲ್ಲಿ ರೂಪ ಬದಲಿಸುತ್ತದೆ, ಆದರೆ ಗಾತ್ರದ ಬದಲಾವಣೆ ಬಹಳ ಚಿಕ್ಕದು, ಜೊತೆಗೆ ಹರಳುಗಳ ದಿಕ್ಕಿನ ಗೊಂದಲ. ಅಲ್ಯುಮಿನಿಯಂ ಮಿಶ್ರಲೋಹದ ಅವಕ್ಷೇಪ, ನಿಕ್ಕಲ್-ಟೈಟಾನಿಯಂ ಸ್ಮೃತಿಲೋಹ ಇವುಗಳಿಗೆ ಡಿಎಸ್‌ಸಿ, ಅಂದರೆ ಕಾವಿನ ಒಳಹರಿವು ಹೊರಹರಿವನ್ನು ಅಳೆಯುವ ಕ್ಯಾಲರಿಮಾಪಕ, ಹೆಚ್ಚು ಸೂಕ್ಷ್ಮ. ಇಂಡಿಯಂ 156.6, ಸತು 419.5, ಬೆಳ್ಳಿ 961.8 ಡಿಗ್ರಿಯಲ್ಲಿ ಕರಗುವುದನ್ನು ನೋಡಿ ಅದರ ತಾಪವನ್ನು ನೇರವಾಗಿ ತಿದ್ದಿಕೊಳ್ಳಲೂ ಬಹುದು. ಆದರೆ ನಿಮಿಷಕ್ಕೆ ಕೆಲವು ಹತ್ತು ಡಿಗ್ರಿಗಳ ಆಚೆ ಸಾಮಾನ್ಯ ಡಿಎಸ್‌ಸಿ ಬರುವುದಿಲ್ಲ. ಕ್ವೆಂಚ್ ಮಾಡಿದ ಉಕ್ಕಿನ ಪ್ರಶ್ನೆಗೆ ಅದು ಮೌನ. ಸಿಂಕ್ರೋಟ್ರಾನ್ ವಿವರ್ತನೆ ಯಾವ ಪ್ರಾವಸ್ಥೆ ಎಂದು ಮುಖ ನೋಡಿ ಹೇಳುತ್ತದೆ, ಆದರೆ ಅಲ್ಲಿ ಸಮಯ ಸಿಗುವುದೇ ದೊಡ್ಡ ಮಾತು. ಇನ್ನು ಒಂದೇ ಉಕ್ಕಿನ ಒಂದೆರಡು ಸಮತಾಪ ಬಿಂದುಗಳಷ್ಟೇ ಬೇಕಿದ್ದರೆ ಉಪ್ಪಿನ ಸ್ನಾನ ಮತ್ತು ಮೈಕ್ರೋಸ್ಕೋಪ್ ಸಾಕು. ಡೇವನ್‌ಪೋರ್ಟ್ ಮತ್ತು ಬೇನ್ 1930ರಲ್ಲಿ ಪ್ರಕಟಿಸಿದ ಸಮತಾಪ ರೂಪಾಂತರದ ಕೆಲಸದಲ್ಲೂ ಹಿಡಿದು, ತಣಿಸಿ, ಕತ್ತರಿಸಿ ನೋಡುವ ದಾರಿಯೇ ಮುಖ್ಯವಾಗಿತ್ತು. ಪೂರ್ಣ ಸಿಸಿಟಿ ನಕ್ಷೆ, ಅಂದರೆ ಬೇರೆ ಬೇರೆ ವೇಗದಲ್ಲಿ ತಣಿಸಿದಾಗ ಯಾವ ರೂಪಾಂತರ ಯಾವ ತಾಪದಲ್ಲಿ ಎಂದು ತೋರಿಸುವ ನಕ್ಷೆ, ಬೇಕೆಂದರೆ ಮಾತ್ರ ಡೈಲಟೋಮೀಟರಿಗೆ ಪ್ರತಿಸ್ಪರ್ಧಿ ಇಲ್ಲ. ಅದಕ್ಕೂ ತಾಳ್ಮೆ ಬೇಕು: ಸೆಕೆಂಡಿಗೆ 0.1 ಡಿಗ್ರಿಯಲ್ಲಿ 900ರಿಂದ 100ಕ್ಕೆ ಇಳಿಯಲು ಒಂದು ಓಟಕ್ಕೇ ಎರಡು ಗಂಟೆ ಹದಿಮೂರು ನಿಮಿಷ. ಪ್ರತಿ ಓಟದ ತುಂಡನ್ನೂ ಕತ್ತರಿಸಿ ಗಡಸುತನ, ಸೂಕ್ಷ್ಮರಚನೆ ನೋಡದ ನಕ್ಷೆಯನ್ನು ನಾವು ನಕ್ಷೆ ಎನ್ನುವುದಿಲ್ಲ. ಹೈಪೋಯುಟೆಕ್ಟಾಯ್ಡ್ (ಸುಮಾರು ಶೇ 0.8ಕ್ಕಿಂತ ಕಡಿಮೆ ಇಂಗಾಲವಿರುವ) ಇಂಗಾಲದ ಉಕ್ಕು ಮತ್ತು ಕಡಿಮೆ ಮಿಶ್ರಣದ ಉಕ್ಕುಗಳಿಗೆ ಅಳತೆ, ವರದಿಗಳ ಕ್ರಮವನ್ನು ಎಎಸ್‌ಟಿಎಂ ಎ1033 ಎಂಬ ಮಾನದಂಡ ಹೇಳುತ್ತದೆ, ಯಂತ್ರದ ಜೊತೆಗೆ ಅದೂ ಮೇಜಿನ ಮೇಲಿರಲಿ.

ಸಹಿ ಹಾಕುವ ಮುನ್ನ

ಮೇಲೆ ಹೇಳಿದ ಕನ್ನಡಿ ಶುದ್ಧ ಕಬ್ಬಿಣ. ಅದರ ರೂಪಾಂತರ 912 ಡಿಗ್ರಿಯಲ್ಲಿ. ನಿಮಿಷಕ್ಕೆ 10, 5, 2 ಡಿಗ್ರಿಯಂತೆ ವೇಗ ಇಳಿಸುತ್ತಾ ಕಾಯಿಸಿ, ಬಂದ ತಾಪಮಾನಗಳನ್ನು ಸೊನ್ನೆ ವೇಗಕ್ಕೆ ಚಾಚಿ. 912ರಿಂದ ದೂರ ನಿಂತರೆ ತಂತಿ, ಕೇಬಲ್, ವೆಲ್ಡ್ ಮೂರನ್ನೂ ಬಿಚ್ಚಿ ನೋಡಿ. ಎರಡನೆಯದಾಗಿ ರೂಪಾಂತರವೇ ಇಲ್ಲದ ಪ್ಲಾಟಿನಂ ತುಂಡನ್ನು ಓಡಿಸಿ. ರೇಖೆಯಲ್ಲಿ ಎಲ್ಲಿಯಾದರೂ ಮೊಣಕಾಲು ಕಂಡರೆ ಅದು ಯಂತ್ರದ್ದೇ. ಮೂರನೆಯದಾಗಿ ಒಂದೇ ತುಂಡಿಗೆ ಎರಡು ಥರ್ಮೋಕಪಲ್, ಒಂದು ನಡುವೆ, ಇನ್ನೊಂದು ತುದಿಯಿಂದ ಒಂದು ಮಿ.ಮೀ. ಒಳಗೆ. 900ರಲ್ಲಿ ನಿಂತಾಗ ಮತ್ತು ನೀವು ನಿಜವಾಗಿ ಬಳಸುವ ಕ್ವೆಂಚ್ ವೇಗದಲ್ಲಿ ಎರಡರ ಅಂತರ ಬರೆದುಕೊಳ್ಳಿ. ಹತ್ತು ಡಿಗ್ರಿ ದಾಟಿದರೆ ಕಾಯಿಲ್‌ನ ಸುತ್ತುಗಳ ಅಂತರ ಸರಿಪಡಿಸುವವರೆಗೆ ಯಂತ್ರವನ್ನು ಒಪ್ಪಿಕೊಳ್ಳಬೇಡಿ. ಕೊನೆಗೆ ಒಂದೇ ಬಾರ್‌ನಿಂದ ಮೂರು ತುಂಡು, ಒಂದೇ ಕಾರ್ಯಕ್ರಮ, ಪ್ರತಿ ಬಾರಿ ಹೊಸ ವೆಲ್ಡ್. ಎಂಎಸ್‌ಗಳು ಐದು ಡಿಗ್ರಿಯೊಳಗೆ ಹೊಂದಿದರೆ ಯಂತ್ರವೂ ಸರಿ, ಕೈಯೂ ಸರಿ.

ಬಿಡಿಭಾಗಗಳ ಪಟ್ಟಿಯಲ್ಲಿ ಸಿಲಿಕಾ ರಾಡ್ ಕನಿಷ್ಠ ನಾಲ್ಕು ಜೋಡಿ, ಓ-ರಿಂಗ್ ಪೂರ್ತಿ ಒಂದು ಸೆಟ್, ಒಂದು ಹೆಚ್ಚುವರಿ ಕಾಯಿಲ್, ಎರಡು ತೂತಿನ ಅಲ್ಯುಮಿನಾ ಕೊಳವೆ ಒಂದು ಹಿಡಿ ಇರಲಿ. ಪ್ಲಾಟಿನಂ ತಂತಿಯ ತುಂಡುಗಳನ್ನು ಎಸೆಯದೆ ಒಂದು ಸೀಸೆಯಲ್ಲಿ ಕೂಡಿಡಿ. ಆದರೆ ಕರಗಿದ ಉಕ್ಕು ತಾಗಿದ ತುದಿಯನ್ನು ಕತ್ತರಿಸದೆ ಮತ್ತೆ ವೆಲ್ಡ್ ಮಾಡಬೇಡಿ, ಮಲಿನವಾದ ಪ್ಲಾಟಿನಂ ಬೇರೆಯೇ ತಾಪ ಹೇಳುತ್ತದೆ.